ಕಂಬ ನೆಟ್ಟವರು ಒಬ್ಬರು, ಬಿಲ್ಲು ಎತ್ತುವವರು ಇನ್ನೊಬ್ಬರು

ಊಟ ಮುಗಿದು ಊರು ಮಲಗುವ ಹೊತ್ತಿಗೆ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಬ್ಯಾಟರಿ ಬೆಳಕು ಓಡಾಡಲು ಶುರುವಾಗುತ್ತದೆ. ಆ ವಾರ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿಗೆ ಬಿದ್ದಿರುತ್ತದೆ. ಹೆಗಲ ಮೇಲೆ ಸಲಿಕೆ, ತಲೆಗೊಂದು ಟವೆಲ್ಲು, ಹೆಜ್ಜೆ ಹೆಜ್ಜೆಗೂ ಹಾವಿನ ಅಂಜಿಕೆ. ಸ್ಟಾರ್ಟರ್ ಡಬ್ಬಿಯ ಗುಂಡಿ ಒತ್ತಿದಾಗ ಮೋಟರು ಗುಂಯ್ಯೆಂದು ಎದ್ದರೆ ಬೆಳಗಿನೊಳಗೆ ಎರಡು ಎಕರೆ ಹಸಿಯಾಗುತ್ತದೆ. ಏಳದಿದ್ದರೆ ಕತ್ತಲಲ್ಲೇ ಒಂದು ಮಾತು ಹೊಲದಿಂದ ಹೊಲಕ್ಕೆ ದಾಟುತ್ತದೆ: ‘ಟಿಸಿ (ಟ್ರಾನ್ಸ್‌ಫಾರ್ಮರು) ಸುಟ್ಟೈತಿ ಅಂತ ಕಾಣತೈತಿ, ಲೈನ್‌ಮನ್ನಗ ಫೋನ್ ಹಚ್ಚು.’

ಅದೇ ಹೊತ್ತಿಗೆ ರಬಕವಿ–ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು ಖಟಖಟ ಓಡುತ್ತಿರುತ್ತವೆ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಕರೆಂಟು ಹೋದದ್ದನ್ನು ತಿಳಿಯಲು ಅಲ್ಲಿ ಯಾರೂ ಬಲ್ಬು ನೋಡುವುದಿಲ್ಲ. ಸದ್ದು ನಿಲ್ಲುತ್ತದೆ, ಮಲಗಿದವರಿಗೂ ಎಚ್ಚರವಾಗುತ್ತದೆ. ನೇಯ್ದ ಸೀರೆಗೆ ಮಜೂರಿ ಪಡೆಯುವ ಮನೆಯಲ್ಲಿ ಮಗ್ಗ ನಿಂತ ತಾಸಿಗೆ ಕೂಲಿ ಇಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಬದುಕು ಒಂದೇ ತಂತಿಗೆ ಜೋತುಬಿದ್ದಿದೆ. ಆ ತಂತಿ ಇಂದು ಹೆಸ್ಕಾಂನದು, ಅಂದರೆ ಸರ್ಕಾರದ್ದು. ಅದು ಖಾಸಗಿ ಕೈಗೆ ಹೋದರೆ ಏನಾಗುತ್ತದೆ? ‘ಸರ್ಕಾರದವರು ಕೆಲಸ ಮಾಡಲ್ಲ, ಕಂಪನಿ ಬಂದರೆ ಸುಧಾರಿಸುತ್ತೆ’ ಎಂಬ ಮಾತು ಚಹಾದಂಗಡಿಯಲ್ಲಿ ಸಲೀಸಾಗಿ ಕೇಳಿಬರುತ್ತದೆ. ಆ ಮಾತಿನ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಸೂಚಿಸುವ ಮದ್ದು ಈ ಭಾಗಕ್ಕೆ ರೋಗಕ್ಕಿಂತ ದುಬಾರಿಯಾದೀತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳ್ಳಿಗೆ ಬೆಳಕು ತಂದವರು

ಸ್ವಾತಂತ್ರ್ಯಕ್ಕೆ ಮೊದಲು ದೇಶದ ಬಹುತೇಕ ಪಟ್ಟಣಗಳಲ್ಲಿ ವಿದ್ಯುತ್ ಕೊಡುತ್ತಿದ್ದವರು ಖಾಸಗಿ ಪರವಾನಗಿದಾರರೇ. ದೊಡ್ಡ ಊರು, ಗಿರಣಿ, ಸಾಹುಕಾರರ ಬಂಗಲೆ ಇದ್ದಲ್ಲಿಗೆ ಅವರ ತಂತಿ ಹೋಯಿತು, ಅಲ್ಲಿಗೇ ನಿಂತಿತು. ಘಟಪ್ರಭೆಯ ಮೇಲೆ ಗೋಕಾಕ ಜಲಪಾತದ ಬಲದಿಂದ ಹತ್ತಿ ಗಿರಣಿ ಓಡಿದ್ದು 19ನೇ ಶತಮಾನದ ಕೊನೆಯಲ್ಲಿ. ಅದೇ ನದಿ ಮುಂದೆ ಹರಿದುಬರುವ ಮುಧೋಳ ಸೀಮೆಯ ಹಳ್ಳಿಗಳು ಮಾತ್ರ ಆಮೇಲೂ ಹಲವು ದಶಕ ಚಿಮಣಿ ಬುಡ್ಡಿಯಲ್ಲೇ ಕಳೆದವು.

ಈ ಅನುಭವದಿಂದಲೇ 1948ರ ವಿದ್ಯುತ್ ಪೂರೈಕೆ ಕಾಯ್ದೆ ಬಂತು. ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ಇರಬೇಕು, ಲಾಭ ಹುಟ್ಟದ ಊರಿಗೂ ಅದು ಕಂಬ ನೆಡಬೇಕು ಎಂಬುದು ಅದರ ಆಶಯ. ನಮ್ಮಲ್ಲಿ 1957ರಲ್ಲಿ ಮಂಡಳಿ ಹುಟ್ಟಿತು. ಮುಂದೆ ಅದೇ ಕೆಇಬಿ ಎಂದು ಮನೆಮಾತಾಯಿತು. ಇಂದಿಗೂ ಹಿರಿಯರು ಹೆಸ್ಕಾಂ ಕಚೇರಿಯನ್ನು ‘ಕೆಇಬಿ’ ಎಂದೇ ಕರೆಯುತ್ತಾರೆ.

1999ರ ಆಗಸ್ಟ್‌ನಲ್ಲಿ ಮಂಡಳಿ ಒಡೆಯಿತು. ಸಾಗಣೆ ಮತ್ತು ವಿತರಣೆಗೆ ಕೆಪಿಟಿಸಿಎಲ್ ಬಂತು. ದರ ನಿಗದಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಬಂತು. 2002ರ ಜೂನ್‌ನಲ್ಲಿ ವಿತರಣೆಯನ್ನು ನಾಲ್ಕು ಕಂಪನಿಗಳಿಗೆ, ಅಂದರೆ ಎಸ್ಕಾಂಗಳಿಗೆ ಹಂಚಲಾಯಿತು. ಅವುಗಳಲ್ಲೊಂದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ಏಳು ಜಿಲ್ಲೆಗಳು ಅದರ ವ್ಯಾಪ್ತಿ. ಹೆಸರಿಗೆ ಕಂಪನಿ, ಆದರೆ ಪೂರ್ತಿ ಸರ್ಕಾರದ ಒಡೆತನ. ಮಂಡಳಿಯನ್ನು ಕಂಪನಿಗಳಾಗಿ ಒಡೆದಾಗಲೇ ಮುಂದಿನ ಹೆಜ್ಜೆ ಮಾರಾಟ ಎಂಬ ಮಾತಿತ್ತು. ಆ ಹೆಜ್ಜೆಯನ್ನು ಕರ್ನಾಟಕ ಇಡಲಿಲ್ಲ. ಅದೇ ಕಾಲದಲ್ಲಿ ಇಟ್ಟ ಒಡಿಶಾ ಮತ್ತು ದೆಹಲಿಯ ಕತೆಗೆ ಆಮೇಲೆ ಬರುತ್ತೇನೆ.

ನೀರು ತಂದದ್ದು ಬೆವರು, ಎತ್ತುವುದು ಕರೆಂಟು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. 1989ರಲ್ಲಿ ಅದನ್ನು ಕಟ್ಟಿದವರು ಗುತ್ತಿಗೆದಾರರಲ್ಲ, ರೈತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ನದಿತೀರದ ಹಳ್ಳಿಗರು ತಾವೇ ಹಣ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕಟ್ಟಿದ ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂತು. ಆ ಕೆಲಸದ ಹೆಸರಿನ ಮೇಲೇ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು.

ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿಯಲ್ಲಿ ನೀರು ನಿಂತಿತು. ಆದರೆ ನಿಂತ ನೀರು ತಾನಾಗಿ ಹೊಲಕ್ಕೆ ಏರುವುದಿಲ್ಲ. ಕಾಲುವೆಯ ನೀರು ಇಳಿಜಾರಿನಲ್ಲಿ ಹರಿದೀತು, ನದಿಯ ನೀರನ್ನು ಮೇಲೆತ್ತಬೇಕು. ನದಿಯಿಂದ ಕಿಲೋಮೀಟರುಗಟ್ಟಲೆ ಪೈಪು ಹಾಕಿ, ಮೋಟರು ಇಟ್ಟು, ದಿನ್ನೆಯ ಹೊಲದವರೆಗೆ ನೀರೊಯ್ದವರು ಈ ಭಾಗದವರು. ಮೇಲೆ ಬಾವಿಗಳು, ಬೋರುಗಳು. ಇಂದಿನ ಕಬ್ಬಿನ ಸಿರಿ ನಿಂತಿರುವುದು ಬ್ಯಾರೇಜಿನ ಮೇಲೆ ಎಷ್ಟೋ ಪಂಪ್‌ಸೆಟ್ಟಿನ ಮೇಲೂ ಅಷ್ಟೇ.

ಬೀಳಗಿಯದು ಇನ್ನೊಂದು ಲೆಕ್ಕ. ಆಲಮಟ್ಟಿಯ ಹಿನ್ನೀರಿಗೆ ಈ ತಾಲ್ಲೂಕು ಊರು, ಹೊಲ, ಗುಡಿ, ಗೋರಿಗಳನ್ನು ಕೊಟ್ಟಿದೆ. ಪುನರ್ವಸತಿ ಕೇಂದ್ರಗಳಲ್ಲಿ ನೆಲೆ ನಿಂತ ಕುಟುಂಬಗಳು ಇಂದಿಗೂ ಹಳೆಯ ಊರಿನ ಹೆಸರನ್ನೇ ಹೇಳಿಕೊಳ್ಳುತ್ತವೆ. ಆ ಜಲಾಶಯದ ಬುಡದಲ್ಲಿ ಸರ್ಕಾರಿ ಸ್ವಾಮ್ಯದ ಕರ್ನಾಟಕ ವಿದ್ಯುತ್ ನಿಗಮದ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಹೊಲ ಮುಳುಗಿಸಿಕೊಂಡವರು ಅದೇ ನೀರಿನಿಂದ ಹುಟ್ಟಿದ ವಿದ್ಯುತ್ತಿನ ಮೇಲೆ ತಮಗೆ ಹಕ್ಕು ಇದೆ ಎಂದು ಭಾವಿಸಿದರೆ ತಪ್ಪೇನಿದೆ? ಸಾರ್ವಜನಿಕ ಆಸ್ತಿ ಎಂದಾಗ ಕಾಗದದಲ್ಲಿ ಕಾಣುವುದು ಕಂಬ, ತಂತಿ, ಉಪಕೇಂದ್ರಗಳ ಬೆಲೆ ಮಾತ್ರ. ಅದರಲ್ಲಿ ಮುಳುಗಿದ ಊರುಗಳೂ ಸೇರಿವೆ ಎಂಬುದು ಮಾರಾಟದ ಲೆಕ್ಕಪತ್ರದಲ್ಲಿ ಬರುವುದಿಲ್ಲ.

ಬಿಲ್ಲಿನ ಹಿಂದಿನ ಲೆಕ್ಕ

10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ ಸಿಗುತ್ತಿದೆ. ವಿದ್ಯುತ್ ಮಗ್ಗದವರು ಬಹುಕಾಲ ಯೂನಿಟ್ಟಿಗೆ 1 ರೂಪಾಯಿ 25 ಪೈಸೆಯ ರಿಯಾಯಿತಿ ದರ ಕೊಟ್ಟರು. 2023ರ ನವೆಂಬರಿನಿಂದ 10 ಅಶ್ವಶಕ್ತಿಯವರೆಗಿನ ಮಗ್ಗದ ಘಟಕಗಳಿಗೆ ಮಿತಿಯೊಳಗೆ ಉಚಿತ ವಿದ್ಯುತ್ ಜಾರಿಯಾಯಿತು. ಅದೇ ವರ್ಷ ಮನೆ ಬಳಕೆಗೆ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯೂ ಬಂತು.

ಉಚಿತ ಎಂದರೆ ಯಾರೂ ಕೊಡುವುದಿಲ್ಲವೆಂದಲ್ಲ. ಒಂದು ಪಾಲನ್ನು ರಾಜ್ಯ ಸರ್ಕಾರ ಖಜಾನೆಯಿಂದ ಎಸ್ಕಾಂಗೆ ತುಂಬಿಕೊಡಬೇಕು. ರಾಜ್ಯದಾದ್ಯಂತ ಪಂಪ್‌ಸೆಟ್ಟುಗಳಿಗೆ ಹೀಗೆ ಸಲ್ಲುವ ಸಹಾಯಧನ ವರ್ಷಕ್ಕೆ 10,000 ಕೋಟಿ ರೂಪಾಯಿ ಮೀರಿದೆ. ಇನ್ನೊಂದು ಪಾಲು ಕಾರ್ಖಾನೆ, ಮಾಲು, ದೊಡ್ಡ ಕಚೇರಿಗಳಿಂದ ಬರುತ್ತದೆ. ಪೂರೈಕೆಯ ವೆಚ್ಚಕ್ಕಿಂತ ಅವರು ಕೊಂಚ ಹೆಚ್ಚು ಕೊಡುತ್ತಾರೆ, ಆ ಹೆಚ್ಚಳ ದುರ್ಬಲ ಗ್ರಾಹಕರ ದರವನ್ನು ತಗ್ಗಿಸುತ್ತದೆ.

ಎಸ್ಕಾಂಗಳ ನಡುವೆಯೂ ಹೀಗೊಂದು ಕೊಡುಕೊಳ್ಳುವಿಕೆ ಇದೆ. ಬೆಂಗಳೂರಿನಂಥ ನಗರವಿರುವ ಬೆಸ್ಕಾಂಗೆ ಹೆಚ್ಚು ದರ ಕೊಡುವ ಗ್ರಾಹಕರು ಧಾರಾಳ. ಹೆಸ್ಕಾಂ ಮಾರುವ ವಿದ್ಯುತ್ತಿನ ದೊಡ್ಡ ಪಾಲು ಹೋಗುವುದು ಪಂಪ್‌ಸೆಟ್ಟಿಗೆ. ಆದ್ದರಿಂದಲೇ ಅಗ್ಗದ ಜಲವಿದ್ಯುತ್ತನ್ನು ಹಂಚುವಾಗ ಬಡ ಎಸ್ಕಾಂಗಳಿಗೆ ಒಲವು ತೋರುವ ಪದ್ಧತಿ ರಾಜ್ಯದಲ್ಲಿ ಬೆಳೆದುಬಂದಿದೆ. ಬೆಂಗಳೂರಿನ ಗ್ರಾಹಕನಿಗೂ ಮುಧೋಳದ ಗ್ರಾಹಕನಿಗೂ ದರದಲ್ಲಿ ಭಾರೀ ಅಂತರವಿಲ್ಲದಿರಲು ಇದೂ ಒಂದು ಕಾರಣ.

ಈ ಇಡೀ ಏರ್ಪಾಡು ನಿಂತಿರುವುದು ಎಲ್ಲ ಗ್ರಾಹಕರೂ ಒಂದೇ ಬುಟ್ಟಿಯಲ್ಲಿರುವುದರಿಂದ. ಖಾಸಗಿ ಬಂಡವಾಳ ಮೊದಲು ಕೈ ಹಾಕುವುದು ಆ ಬುಟ್ಟಿಗೇ. ರಸ ತುಂಬಿದ ಜಲ್ಲೆಗಳನ್ನಷ್ಟೇ ಕಡಿದು ಒಯ್ದು, ರವದಿಯನ್ನು ಹೊಲದ ಒಡೆಯನಿಗೆ ಬಿಟ್ಟುಹೋದಂತೆ ಅದರ ಕೆಲಸ.

ಮಾರಾಟದ ಬೋರ್ಡು ಎಲ್ಲೂ ಇಲ್ಲ

ಹೆಸ್ಕಾಂ ಮಾರುತ್ತೇವೆ ಎಂದು ಯಾರೂ ಡಂಗುರ ಸಾರಿಲ್ಲ. ಆದರೆ ಖಾಸಗೀಕರಣ ಹಿಂದಿನ ಬಾಗಿಲಿನಿಂದ, ಒಂದೊಂದೇ ಸಾಮಾನು ಹೊರಗೆ ಸಾಗಿಸಿದ ಹಾಗೆ ನಡೆಯುತ್ತದೆ.

ಮೀಟರ್ ಓದುವ, ಬಿಲ್ಲು ಕೊಡುವ ಕೆಲಸ ಎಷ್ಟೋ ಕಡೆ ಕಾಯಂ ನೌಕರರ ಕೈಯಿಂದ ಕಮಿಷನ್ ಆಧಾರದ ಪ್ರತಿನಿಧಿಗಳಿಗೆ ಹೋಗಿ ವರ್ಷಗಳಾದವು. ಉಪಕೇಂದ್ರಗಳ ನಿರ್ವಹಣೆ, ಮಾರ್ಗ ದುರಸ್ತಿ ಗುತ್ತಿಗೆಗೆ ಹೋದವು. 2003ರ ವಿದ್ಯುಚ್ಛಕ್ತಿ ಕಾಯ್ದೆ ದೊಡ್ಡ ಗ್ರಾಹಕರಿಗೆ ತಮಗೆ ಬೇಕಾದ ಕಡೆಯಿಂದ ವಿದ್ಯುತ್ ಕೊಳ್ಳುವ ದಾರಿ ತೆರೆಯಿತು. ಕಾರ್ಖಾನೆಗಳು ಖಾಸಗಿ ಸೌರ, ಪವನ ವಿದ್ಯುತ್ತಿಗೆ ಹೊರಳಿದವು. ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡುವ ಇಲ್ಲಿನ ಸಕ್ಕರೆ ಕಾರ್ಖಾನೆಗಳು ತಮ್ಮ ಬಳಕೆಗೆ ಇಟ್ಟುಕೊಂಡು ಉಳಿದದ್ದನ್ನು ಮಾರುತ್ತವೆ. ಇವೆಲ್ಲ ಕಾನೂನುಬದ್ಧ. ಆದರೆ ಒಳ್ಳೆಯ ದರ ಕೊಡುವ ಗ್ರಾಹಕ ಒಬ್ಬೊಬ್ಬನೇ ಹೊರನಡೆದಂತೆ ಹೆಸ್ಕಾಂನ ಪುಸ್ತಕದಲ್ಲಿ ನಷ್ಟ ಬೆಳೆಯುತ್ತದೆ, ಆಮೇಲೆ ಆ ನಷ್ಟವನ್ನೇ ತೋರಿಸಿ ಸರ್ಕಾರಿ ಕಂಪನಿ ಕೆಲಸಕ್ಕೆ ಬಾರದು ಎಂದು ಹೇಳಲಾಗುತ್ತದೆ.

2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯುಚ್ಛಕ್ತಿ ತಿದ್ದುಪಡಿ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಅದರ ಮೂರು ಅಂಶಗಳನ್ನು ಈ ಭಾಗದವರು ತಿಳಿದಿರಬೇಕು. ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು, ಈಗಿರುವ ಕಂಬ ತಂತಿಗಳನ್ನೇ ಬಳಸಿ ವಿದ್ಯುತ್ ಮಾರಬಹುದು. ದರವು ಪೂರೈಕೆಯ ವೆಚ್ಚಕ್ಕೆ ತಕ್ಕಂತೆ ಇರಬೇಕು. ಉತ್ಪಾದನಾ ಉದ್ಯಮ, ರೈಲ್ವೆ, ಮೆಟ್ರೊಗಳು ಇತರ ಗ್ರಾಹಕರಿಗಾಗಿ ಹೊರುವ ಹೆಚ್ಚುವರಿ ಹೊರೆ ಐದು ವರ್ಷಗಳಲ್ಲಿ ಕೊನೆಗೊಳ್ಳಬೇಕು. 2022ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆಯ ಜಾಡೂ ಇದೇ ಆಗಿತ್ತು. ಅದಕ್ಕೂ ಮೊದಲು, 2020–21ರಲ್ಲಿ ದೆಹಲಿ ಗಡಿಯಲ್ಲಿ ಕುಳಿತ ರೈತರು ಕೃಷಿ ಕಾಯ್ದೆಗಳ ಜೊತೆಗೆ ಆಗಿನ ವಿದ್ಯುತ್ ಮಸೂದೆಯನ್ನೂ ವಿರೋಧಿಸಿದ್ದು ಇಂಥದೇ ಕಾರಣಕ್ಕೆ.

ಈಗಿರುವ ತಂತಿಯ ಮೇಲೆ ಎರಡನೆಯ ಕಂಪನಿ ಬಂತೆಂದು ಇಟ್ಟುಕೊಳ್ಳೋಣ. ಅದು ಹುಡುಕಿಕೊಂಡು ಹೋಗುವುದು ಹುಬ್ಬಳ್ಳಿಯ ಕೈಗಾರಿಕೆಗಳನ್ನು, ಬೆಳಗಾವಿಯ ಆಸ್ಪತ್ರೆ, ಹೋಟೆಲುಗಳನ್ನು. ಬೀಳಗಿಯ ಪುನರ್ವಸತಿ ಕೇಂದ್ರಕ್ಕೆ, ಬನಹಟ್ಟಿಯ ಎರಡು ಮಗ್ಗದ ಮನೆಗೆ ಯಾವ ಕಂಪನಿ ಪೈಪೋಟಿ ನಡೆಸುತ್ತದೆ? ಅವರೆಲ್ಲ ಹೆಸ್ಕಾಂನಲ್ಲೇ ಉಳಿಯುತ್ತಾರೆ, ಅವರನ್ನು ಪೊರೆಯುತ್ತಿದ್ದ ಆದಾಯ ಮಾತ್ರ ಉಳಿಯುವುದಿಲ್ಲ.

ಒಡಿಶಾದಿಂದ ಭಿವಂಡಿವರೆಗೆ

ದೇಶದಲ್ಲಿ ಮೊದಲು ವಿತರಣೆಯನ್ನು ಖಾಸಗಿಗೆ ಕೊಟ್ಟದ್ದು ಒಡಿಶಾ, 1999ರಲ್ಲಿ. ನಾಲ್ಕರಲ್ಲಿ ಮೂರು ಕಂಪನಿಗಳು ಬಿಎಸ್‌ಇಎಸ್‌ಗೆ ಹೋದವು. ಮಧ್ಯ ಒಡಿಶಾದ್ದು ಅಮೆರಿಕದ ಎಇಎಸ್ ಕೈಗೆ ಬಂತು. ಅದೇ ಅಕ್ಟೋಬರಿನಲ್ಲಿ ಮಹಾ ಚಂಡಮಾರುತ ಕರಾವಳಿಯನ್ನು ನೆಲಸಮ ಮಾಡಿತು. ಕಂಬಗಳು ಉರುಳಿ, ಮಾರ್ಗಗಳು ಕಡಿದು, ಸಾಲ ಬೆಟ್ಟವಾಗಿ ಬೆಳೆದಾಗ 2001ರಲ್ಲಿ ಎಇಎಸ್ ಕಂಪನಿಯ ಆಡಳಿತ ಬಿಟ್ಟು ಹೊರಟುಹೋಯಿತು. ಬಿಎಸ್‌ಇಎಸ್ ಮೂಲಕ ರಿಲಯನ್ಸ್ ಸಮೂಹಕ್ಕೆ ಸೇರಿದ್ದ ಉಳಿದ ಮೂರರ ಪರವಾನಗಿಯನ್ನು 2015ರಲ್ಲಿ ಅಲ್ಲಿನ ನಿಯಂತ್ರಣ ಆಯೋಗವೇ ರದ್ದು ಮಾಡಿತು. ಎರಡೂ ಸಲ ಜವಾಬ್ದಾರಿ ಮರಳಿ ಸರ್ಕಾರದ ಹೆಗಲಿಗೆ ಬಂತು. 2020–21ರಲ್ಲಿ ನಾಲ್ಕನ್ನೂ ಟಾಟಾ ಪವರ್ ವಹಿಸಿಕೊಂಡಿದೆ, ಸೋರಿಕೆ ಇಳಿದಿದೆ ಎಂಬುದೂ ನಿಜ. ಆದರೆ ಅದಕ್ಕೆ ಮುನ್ನ ಒಂದು ರಾಜ್ಯ ಎರಡು ದಶಕ ತೆತ್ತ ಬೆಲೆಯನ್ನು ಲೆಕ್ಕದಿಂದ ಬಿಡಲಾಗದು.

ಇದನ್ನು ನಮ್ಮ ನದಿಗಳ ಪಕ್ಕ ಇಟ್ಟು ನೋಡಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಏಕಕಾಲಕ್ಕೆ ಉಕ್ಕಿದವು. ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿಯ ನದಿತೀರದ ಊರುಗಳು ಜಲಾವೃತವಾದವು, ಕಂಬಗಳು ಬಾಗಿದವು, ಟ್ರಾನ್ಸ್‌ಫಾರ್ಮರುಗಳು ಮುಳುಗಿದವು. ಕೆಸರಿನಲ್ಲಿ ಸೊಂಟದವರೆಗೆ ಇಳಿದು ತಂತಿ ಎಳೆದವರು ಲೈನ್‌ಮನ್‌ಗಳು. ಆ ದುರಸ್ತಿಯಿಂದ ಲಾಭ ಬರುತ್ತದೆಯೇ ಎಂಬ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಅದು ಸರ್ಕಾರದ ಹೊಣೆ. ಘಟಪ್ರಭೆಯ ನೆರೆ 2024ರಲ್ಲಿ ಮುಧೋಳವನ್ನು ಮತ್ತೆ ಕಾಡಿತು. ನೆರೆ ಇಲ್ಲಿ ಅಪರೂಪದ ಅತಿಥಿಯಲ್ಲ. ಮಹಾರಾಷ್ಟ್ರದ ಕೊಯ್ನಾ ಕಡೆ ಮಳೆ ಜೋರಾದರೆ ಇಲ್ಲಿ ಗಂಟುಮೂಟೆ ಕಟ್ಟಿಡುವ ಊರುಗಳಿವೆ. ಇಂಥ ಕಡೆ ಹೂಡಿದ ಹಣಕ್ಕೆ ನಿಶ್ಚಿತ ಪ್ರತಿಫಲ ಕೇಳುವ ಕಂಪನಿ ಅಪಾಯದ ಪಾಲನ್ನು ಯಾರ ಮೇಲೆ ಹಾಕುತ್ತದೆ? ಒಂದೋ ಬಿಲ್ಲಿನ ಮೇಲೆ, ಇಲ್ಲವೇ ಖಜಾನೆಯ ಮೇಲೆ.

ದೆಹಲಿಯನ್ನು ಯಶಸ್ಸಿನ ಕತೆ ಎನ್ನುತ್ತಾರೆ. 2002ರ ಜುಲೈನಲ್ಲಿ ಖಾಸಗಿಯಾದಾಗ ಅರ್ಧದಷ್ಟಿದ್ದ ಸೋರಿಕೆ ಇಂದು ಒಂದಂಕಿಗೆ ಬಂದಿದೆ, ಅದು ಸಣ್ಣ ಸಾಧನೆಯಲ್ಲ. ಆದರೆ ದರ ಏರಿಸಿದರೆ ಜನ ಸಿಟ್ಟಾಗುತ್ತಾರೆಂದು ಏರಿಸದೆ, ‘ಮುಂದೆ ವಸೂಲಿ ಮಾಡಿಕೊಳ್ಳಬಹುದು’ ಎಂದು ಬರೆದಿಟ್ಟ ಬಾಕಿ ಅಲ್ಲಿ 27,200 ಕೋಟಿ ರೂಪಾಯಿಯಷ್ಟು ಬೆಳೆಯಿತು. ಇಂಥ ಬಾಕಿಗಳನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಕೊನೆಗೆ ತೀರಿಸಬೇಕಾದವರು ಬಿಲ್ಲು ಕಟ್ಟುವವರೇ. ಆ ಕಂಪನಿಗಳ ಲೆಕ್ಕವನ್ನು ಮಹಾಲೇಖಪಾಲರಿಂದ ತಪಾಸಣೆ ಮಾಡಿಸಲು ದೆಹಲಿ ಸರ್ಕಾರ ಹೊರಡಿಸಿದ ಆದೇಶವನ್ನು 2015ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಹೆಸ್ಕಾಂನ ಲೆಕ್ಕವನ್ನು ಮಹಾಲೇಖಪಾಲರು ನೋಡಬಹುದು, ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಬಹುದು, ನೀವು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಒಡೆತನ ಬದಲಾದ ದಿನ ಈ ಮೂರೂ ಬಾಗಿಲುಗಳು ಕಿರಿದಾಗುತ್ತವೆ.

ನೇಕಾರರಿಗೆ ಹತ್ತಿರದ ಪಾಠ ಭಿವಂಡಿಯದು. ಮುಂಬೈ ಬಳಿಯ ಈ ಮಗ್ಗಗಳ ಊರಿನ ವಿತರಣೆಯನ್ನು 2007ರ ಜನವರಿಯಲ್ಲಿ ಟೊರೆಂಟ್ ಪವರ್‌ಗೆ ಫ್ರಾಂಚೈಸಿಯಾಗಿ ಕೊಡಲಾಯಿತು. ಕಳ್ಳತನ, ಸೋರಿಕೆ ಬಹಳ ತಗ್ಗಿತು, ವಸೂಲಿ ಬಿಗಿಯಾಯಿತು. ಜೊತೆಗೇ ಮೀಟರು, ಬಿಲ್ಲುಗಳ ವಿಷಯದಲ್ಲಿ ಮಗ್ಗದವರ ಪ್ರತಿಭಟನೆಗಳೂ ನಡೆಯುತ್ತಾ ಬಂದವು. ಇದನ್ನು ಮಾದರಿಯೆಂದು ಹಿಡಿದು ಮಹಾರಾಷ್ಟ್ರ 2011ರಲ್ಲಿ ಔರಂಗಾಬಾದ್, ಜಲಗಾಂವ್, ನಾಗಪುರಗಳಿಗೂ ಫ್ರಾಂಚೈಸಿಗಳನ್ನು ತಂದಿತು. ಔರಂಗಾಬಾದಿನದು 2014ರಲ್ಲಿ, ಜಲಗಾಂವ್‌ನದು 2015ರಲ್ಲಿ ಮುಗಿಯಿತು. ನಾಗಪುರದ್ದು 2019ರಲ್ಲಿ ಸರ್ಕಾರಿ ಕಂಪನಿಗೆ ಮರಳಿತು. ನಾಲ್ಕರಲ್ಲಿ ಮೂರು ಕೈಬಿಟ್ಟ ಮೇಲೂ ‘ಖಾಸಗಿಯೆಂದರೆ ದಕ್ಷತೆ’ ಎಂಬ ನಂಬಿಕೆ ಅಲುಗದಿರುವುದು ನನಗೆ ಅಚ್ಚರಿ ತರುತ್ತದೆ.

ಮೊದಲು ಕಟ್ಟು, ಆಮೇಲೆ ಪಡೆ

‘ಸಬ್ಸಿಡಿ ತೆಗೆಯುವುದಿಲ್ಲ, ನೇರ ಖಾತೆಗೆ ಹಾಕುತ್ತೇವೆ’ ಎಂಬ ಭರವಸೆ ಕೆಲವು ವರ್ಷಗಳಿಂದ ತೇಲಿಬರುತ್ತಿದೆ. ವಿದ್ಯುಚ್ಛಕ್ತಿ ತಿದ್ದುಪಡಿ ಮಸೂದೆಯ 2020ರ ಕರಡಿನಲ್ಲಿ ಅದು ಲಿಖಿತವಾಗಿಯೇ ಇತ್ತು. ಇದರ ಅರ್ಥವನ್ನು ಒಂದು ಸಾದಾ ಲೆಕ್ಕದಲ್ಲಿ ನೋಡಬಹುದು.

ಏಳೂವರೆ ಅಶ್ವಶಕ್ತಿಯ ಮೋಟರು ಏಳು ತಾಸು ಓಡಿದರೆ ಸುಮಾರು 39 ಯೂನಿಟ್ ಸುಡುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ದಿನಕ್ಕೆ 273 ರೂಪಾಯಿ. ತಿಂಗಳಲ್ಲಿ 20 ದಿನ ಓಡಿಸಿದರೆ ಐದೂವರೆ ಸಾವಿರದ ಆಸುಪಾಸು. ಕಬ್ಬು ಹಚ್ಚಿದ ರೈತ ವರ್ಷವಿಡೀ ನೀರು ಹಾಯಿಸಬೇಕು, ದುಡ್ಡು ಕಾಣುವುದು ಕಬ್ಬು ಕಾರ್ಖಾನೆಗೆ ಹೋಗಿ ಬಿಲ್ಲು ಬಂದ ಮೇಲೆ. ಆ ನಡುವಿನ ತಿಂಗಳುಗಳಲ್ಲಿ ಅವನು ಮೊದಲು ಕಂಪನಿಗೆ ಹಣ ಕಟ್ಟಿ, ಆಮೇಲೆ ಸರ್ಕಾರದ ಜಮಾಕ್ಕೆ ಕಾಯಬೇಕು. ಜಮಾ ತಡವಾದರೆ ಕಂಪನಿ ಕಾಯುವುದಿಲ್ಲ, ಸಂಪರ್ಕ ಕಡಿಯುತ್ತದೆ. ಬೆಳೆಗೆ ಎರಡು ನೀರು ತಪ್ಪಿದರೆ ಟನ್ನುಗಟ್ಟಲೆ ಇಳುವರಿ ಹೋಯಿತು.

ಇನ್ನೊಂದು ತೊಡಕು ಹೆಸರಿನದು. ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರು ತೀರಿಕೊಂಡ ಅಜ್ಜನ ಹೆಸರಿನಲ್ಲಿರುತ್ತದೆ, ಹೊಲ ಮೂವರು ಅಣ್ಣತಮ್ಮಂದಿರಿಗೆ ಹಂಚಿಹೋಗಿರುತ್ತದೆ. ಕೋರು, ಲಾವಣಿಗೆ ಮಾಡುವವನ ಹೆಸರಿನಲ್ಲಂತೂ ಏನೂ ಇರುವುದಿಲ್ಲ. ಹಣ ಯಾರ ಖಾತೆಗೆ ಬರಬೇಕು? ಬಾಡಿಗೆ ಮನೆಯಲ್ಲಿ ಮಾಲೀಕರ ನೂಲು ತಂದು ನೇಯುವ ನೇಕಾರನ ಪ್ರಶ್ನೆಯೂ ಇದೇ.

ಖಾಸಗಿ ಕಂಪನಿಯೊಂದಿಗೆ ವ್ಯವಹರಿಸುವುದು ಇಲ್ಲಿನವರಿಗೆ ಹೊಸದಲ್ಲ. ಸಕ್ಕರೆ ಕಾರ್ಖಾನೆಗಳ ದರ, ತೂಕ, ಬಾಕಿಗಾಗಿ ಪ್ರತಿ ಹಂಗಾಮಿನಲ್ಲೂ ಗುದ್ದಾಟ ಇದ್ದೇ ಇದೆ. 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ಕಬ್ಬಿನ ದರಕ್ಕೆ ರಸ್ತೆಗಿಳಿದಾಗ ಕೊನೆಗೆ ಮುಖ್ಯಮಂತ್ರಿಯೇ ನಡುವೆ ಬರಬೇಕಾಯಿತು. ಕಾರ್ಖಾನೆ ಸರಿಯಿಲ್ಲದಿದ್ದರೆ ಮುಂದಿನ ವರ್ಷ ಬೇರೆ ಕಾರ್ಖಾನೆಗೆ ಕಬ್ಬು ಕಳಿಸುವ ಅವಕಾಶವಾದರೂ ಇದೆ. ಹೊಲಕ್ಕೆ ಬಂದಿರುವ ತಂತಿ ಒಂದೇ.

ಹೆಸ್ಕಾಂನ ಕುಂದುಗಳು

ಇಷ್ಟು ಹೇಳಿದ ಮೇಲೆ ಹೆಸ್ಕಾಂ ಚೆನ್ನಾಗಿದೆ ಎಂದರೆ ಜಮಖಂಡಿಯ ಯಾವ ರೈತನೂ ನಂಬಲಾರ, ನಂಬಬೇಕಾಗಿಯೂ ಇಲ್ಲ. ಹಗಲು ಏಳು ತಾಸು ಕೊಡುತ್ತೇವೆಂದು ರಾತ್ರಿ ಮೂರು ತಾಸಿಗೆ ಇಳಿಸುವುದುಂಟು. ಸುಟ್ಟ ಟ್ರಾನ್ಸ್‌ಫಾರ್ಮರನ್ನು ನಗರದಲ್ಲಿ 24 ತಾಸು, ಹಳ್ಳಿಯಲ್ಲಿ 72 ತಾಸಿನೊಳಗೆ ಬದಲಿಸಬೇಕೆಂದು ಕೆಇಆರ್‌ಸಿಯ ಸೇವಾ ಮಾನದಂಡ ಹೇಳುತ್ತದೆ, ಎಷ್ಟೋ ಕಡೆ ರೈತರೇ ವರಗಣಿ ಎತ್ತಿ ಟ್ರ್ಯಾಕ್ಟರಿನಲ್ಲಿ ಟಿಸಿ ಸಾಗಿಸುತ್ತಾರೆ. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿ ಅಲೆದವರ ಕತೆ ಊರೂರಲ್ಲಿದೆ. ವೋಲ್ಟೇಜು ಇಳಿದು ಮೋಟರಿನ ಕಾಯಿಲು ಸುಟ್ಟರೆ ರಿವೈಂಡಿಂಗ್ ಖರ್ಚು ರೈತನದೇ.

ಆದರೆ ಈ ಕುಂದುಗಳ ಬೇರು ಎಲ್ಲಿದೆ? ಪಂಪ್‌ಸೆಟ್ಟು, ಮಗ್ಗಗಳ ಸಹಾಯಧನವನ್ನು ಸರ್ಕಾರಗಳು ಘೋಷಿಸಿದಷ್ಟು ಬೇಗ ಪಾವತಿ ಮಾಡಿಲ್ಲ. 2003ರ ಕಾಯ್ದೆಯ 65ನೇ ಕಲಮು, ಸಹಾಯಧನವನ್ನು ಸರ್ಕಾರ ಮುಂಗಡವಾಗಿಯೇ ಕೊಡಬೇಕು ಎನ್ನುತ್ತದೆ. ಪಂಚಾಯಿತಿ, ಪುರಸಭೆ, ಇಲಾಖೆಗಳ ಬಾಕಿ ಬೇರೆ. ಬರಬೇಕಾದ ಹಣ ಬಾರದಾಗ ಎಸ್ಕಾಂ ಸಾಲ ತರುತ್ತದೆ, ಸಾಲದ ಬಡ್ಡಿ ಮುಂದಿನ ವರ್ಷದ ದರಕ್ಕೆ ಸೇರುತ್ತದೆ. ಹಳೆಯ ಮಂಡಳಿಯ ಕಾಲದಿಂದ ಬಂದ ಪಿಂಚಣಿ ಹೊಣೆಗಾಗಿ 2025ರ ಏಪ್ರಿಲ್‌ನಿಂದ ಎಲ್ಲ ಗ್ರಾಹಕರಿಂದ ಯೂನಿಟ್ಟಿಗೆ 36 ಪೈಸೆ ವಸೂಲಿ ಶುರುವಾದದ್ದನ್ನು ಬಿಲ್ಲಿನಲ್ಲಿ ಕಂಡಿರಬಹುದು. ಕಾಯಂ ಲೈನ್‌ಮನ್ ಹುದ್ದೆಗಳು ಖಾಲಿ ಉಳಿದವು. ಒಬ್ಬನ ಪಾಲಿಗೆ ಹಲವು ಹಳ್ಳಿ ಬಿದ್ದಾಗ ಅವನಿಗೂ ಇರುವುದು ಎರಡೇ ಕಾಲು. ಕಂಬದ ಮೇಲೆ ವಿದ್ಯುತ್ ತಗುಲಿ ಸಾಯುವವರಲ್ಲಿ ತರಬೇತಿಯಿಲ್ಲದ ಗುತ್ತಿಗೆ ಹುಡುಗರೂ ಇದ್ದಾರೆ.

ಈ ಹುದ್ದೆಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಳ್ಳಿಯ ಬಡ ಮನೆಯ ಹುಡುಗ ಮೀಸಲಾತಿಯ ನೆರವಿನಿಂದ ಪವರ್‌ಮ್ಯಾನ್ ಆಗಿ ಸೇರಿದರೆ ಆ ಮನೆಯ ಒಂದು ತಲೆಮಾರಿನ ಬಡತನ ಕಳೆಯುತ್ತದೆ. 2024ರಲ್ಲಿ ಇಂಥವೂ ಸೇರಿ 2,975 ಹುದ್ದೆಗಳಿಗೆ ಕೆಪಿಟಿಸಿಎಲ್ ಅರ್ಜಿ ಕರೆದಾಗ ಕಂಬ ಹತ್ತುವ ಅಭ್ಯಾಸ ಮಾಡುತ್ತಿದ್ದ ಯುವಕರು ಊರೂರಲ್ಲಿ ಕಂಡರು. ಖಾಸಗಿ ಕಂಪನಿಯಲ್ಲಿ ಮೀಸಲಾತಿ ಕಡ್ಡಾಯವಲ್ಲ, ಕೆಲಸ ಕಾಯಂ ಅಲ್ಲ.

ರಿಪೇರಿಗೆ ದಾರಿಗಳಿವೆ

ಸರ್ಕಾರಿ ಒಡೆತನಕ್ಕೆ ಬದಲು ಖಾಸಗಿಯೊಂದೇ ಎಂಬುದೂ ಸುಳ್ಳು. ಪಕ್ಕದ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ತನ್ನ ವ್ಯಾಪ್ತಿಯಲ್ಲಿ ವಿದ್ಯುತ್ ವಿತರಿಸುತ್ತಿದೆ. ಅಲ್ಲಿ ಗ್ರಾಹಕನೇ ಸದಸ್ಯ, ಸದಸ್ಯನೇ ಮತದಾರ. ಅದರ ಆಡಳಿತ ಮಂಡಳಿಯ ಚುನಾವಣೆಗೆ ರಾಜಕೀಯ ಮನೆತನಗಳು ಜಿದ್ದಿಗೆ ಬೀಳುವುದನ್ನೂ ಕಂಡಿದ್ದೇವೆ. ಆದರೂ ಆಡಳಿತ ಬದಲಿಸುವ ಮತ ಕರೆಂಟು ಬಳಸುವವನ ಕೈಯಲ್ಲಿದೆ ಎಂಬುದು ದೊಡ್ಡ ಸಂಗತಿ. ಬ್ಯಾರೇಜನ್ನೇ ಕಟ್ಟಿಕೊಂಡ ಜನರಿಗೆ ಇಂಥದ್ದು ಅಸಾಧ್ಯವೇನೂ ಅಲ್ಲ.

ಹೆಸ್ಕಾಂ ಉಳಿಯಬೇಕಾದರೆ ಕೇಳಬೇಕಾದ ಬೇಡಿಕೆಗಳು ಮಾಮೂಲಿ ಕಾಣುತ್ತವೆ, ಆದರೆ ಕೆಲಸ ಮಾಡುವುದು ಅವೇ. 65ನೇ ಕಲಮಿನಂತೆ ಸಹಾಯಧನ ಮುಂಗಡ ಬರಬೇಕು. ಪ್ರತಿ ತಾಲ್ಲೂಕಿನಲ್ಲೂ ಬದಲಿ ಟ್ರಾನ್ಸ್‌ಫಾರ್ಮರುಗಳ ದಾಸ್ತಾನು ಸದಾ ಇರಬೇಕು, ಮಳೆಗಾಲಕ್ಕೆ ಮೊದಲು ನದಿತೀರದ ಟಿಸಿಗಳನ್ನು ಎತ್ತರದ ಜಾಗಕ್ಕೆ ಸರಿಸಬೇಕು. ಉಪಕೇಂದ್ರಗಳ ಪಕ್ಕ ಸೌರ ಘಟಕ ಹಾಕಿ ಕೃಷಿ ಫೀಡರುಗಳಿಗೆ ಹಗಲು ವಿದ್ಯುತ್ ಕೊಡುವ ಕುಸುಮ್ ಯೋಜನೆ ಈ ನಾಲ್ಕು ತಾಲ್ಲೂಕುಗಳಲ್ಲಿ ವೇಗ ಪಡೆಯಬೇಕು. ಆ ಸೌರ ಘಟಕಗಳೂ ಖಾಸಗಿ ಹೂಡಿಕೆಯಲ್ಲೇ ಬರುತ್ತಿವೆ, ಅದಕ್ಕೆ ನನ್ನ ತಕರಾರಿಲ್ಲ. ವಿದ್ಯುತ್ತನ್ನು ಯಾರಿಂದಲಾದರೂ ಕೊಳ್ಳಲಿ, ಮನೆ ಹೊಲಗಳಿಗೆ ಬರುವ ತಂತಿ ಮಾತ್ರ ಸಾರ್ವಜನಿಕರದಾಗಿಯೇ ಉಳಿಯಲಿ.

ದರ ಪರಿಷ್ಕರಣೆಗೆ ಮುನ್ನ ಕೆಇಆರ್‌ಸಿ ಹೆಸ್ಕಾಂ ಗ್ರಾಹಕರ ಬಹಿರಂಗ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕ ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಎದ್ದು ನಿಂತು ಮಾತಾಡಬಹುದು. ಉದ್ಯಮಿಗಳ ಸಂಘಗಳು ಅಂಕಿಅಂಶಗಳೊಂದಿಗೆ ತಯಾರಾಗಿಯೇ ಬರುತ್ತವೆ. ಬನಹಟ್ಟಿಯ ನೇಕಾರರ ಸಂಘಗಳು, ಮುಧೋಳ–ಜಮಖಂಡಿಯ ರೈತ ಸಂಘಟನೆಗಳು ಸುಟ್ಟ ಟಿಸಿಗಳ ದಿನಾಂಕ, ಬದಲಾಯಿಸಿದ ದಿನಾಂಕ, ರಾತ್ರಿ ಪಾಳಿಯ ತಾಸುಗಳನ್ನು ಈಗಿನಿಂದಲೇ ಬರೆದಿಡಲಿ. ಮಾನದಂಡ ಮೀರಿದ ವಿಳಂಬಕ್ಕೆ ಪರಿಹಾರ ಕೇಳುವ ಹಕ್ಕೂ ಅದೇ ನಿಯಮಗಳಲ್ಲಿದೆ. ಮುಂದಿನ ವಿಚಾರಣೆಯಲ್ಲಿ ಆಯೋಗದ ಮುಂದೆ ಇಡಬೇಕಾದದ್ದು ಆ ಪಟ್ಟಿ.